ಮೀನಿನ ತೊಟ್ಟಿಗೂ ಒಂದು ಕೋಡಿ

ತೊಗರಿಬೇಳೆ ಬೇಯಲು ಇಟ್ಟ ಪಾತ್ರೆಯನ್ನು ಒಮ್ಮೆ ಗಮನಿಸಿ. ನೀರು ಕುದಿ ಹಿಡಿದ ಸ್ವಲ್ಪ ಹೊತ್ತಿನಲ್ಲೇ ಮೇಲೆ ಮಾಸಲು ಬಿಳಿಯ ನೊರೆ ಕಟ್ಟುತ್ತದೆ. ಅಡುಗೆ ಮಾಡುವವರು ಅದನ್ನು ಸೌಟಿನಿಂದ ಬಳಿದು ತೆಗೆಯುತ್ತಾರೆ. ಬರಿಯ ನೀರನ್ನು ಎಷ್ಟು ಕುದಿಸಿದರೂ ಇಂಥ ನೊರೆ ಬರುವುದಿಲ್ಲ. ಬೇಳೆಯಿಂದ ನೀರಿಗಿಳಿದ ಪ್ರೋಟೀನು ಮೊದಲಾದ ವಸ್ತುಗಳು ಗುಳ್ಳೆಗಳನ್ನು ಬೇಗ ಒಡೆಯದಂತೆ ಹಿಡಿದಿಡುವುದರಿಂದ ನೊರೆ ನಿಲ್ಲುತ್ತದೆ. ಮಳೆಗಾಲದಲ್ಲಿ ಮಲ್ಪೆಗೋ ಕಾರವಾರಕ್ಕೋ ಹೋದವರು ಮರಳಿನ ಮೇಲೆ ನೊರೆಯ ರಾಶಿ ಉರುಳಾಡುವುದನ್ನು ಕಂಡಿರಬಹುದು. ಅದೂ ಇದೇ ಬಗೆಯದು. ಪಾಚಿ ಮತ್ತಿತರ ಜೀವಿಗಳು ಕೊಳೆತು ನೀರಿಗೆ ಬಿಟ್ಟ ವಸ್ತುಗಳನ್ನು ಗಾಳಿ, ಅಲೆಗಳು ಸೇರಿ ಕಡೆಯುತ್ತವೆ. ಕೊಳೆ ನೊರೆಯಾಗಿ ದಡಕ್ಕೆ ಬಂದು ಬೀಳುತ್ತದೆ. ಕಡಲು ತನ್ನನ್ನು ತಾನೇ ತೊಳೆದುಕೊಳ್ಳುವ ಬಗೆಗಳಲ್ಲಿ ಇದೂ ಒಂದು.

ಉಪ್ಪುನೀರಿನ ಅಕ್ವೇರಿಯಂ ಇಟ್ಟುಕೊಳ್ಳುವವರು ಈ ಕೆಲಸವನ್ನು ಮಾಡಿಸುವುದು ಪ್ರೋಟೀನ್ ಸ್ಕಿಮ್ಮರ್ ಎಂಬ ಸಾಧನದಿಂದ. ನಿಂತ ಕೊಳವೆ, ಅದರ ಮೇಲೆ ಕಿರಿದಾದ ಕತ್ತು, ಕತ್ತಿನ ಮೇಲೊಂದು ಬಟ್ಟಲು - ಇಷ್ಟೇ ಅದರ ರೂಪ. ಒಳಗೆ ಗಾಳಿಯ ಸಣ್ಣ ಗುಳ್ಳೆಗಳನ್ನು ಬಿಟ್ಟರೆ ನೊರೆ ಏರಿ ಬಟ್ಟಲಿಗೆ ಬೀಳುತ್ತದೆ. ಬಟ್ಟಲಲ್ಲಿ ಕೂಡುವ ಕಂದು ಬಣ್ಣದ, ದುರ್ವಾಸನೆಯ ದ್ರವವನ್ನು ನೋಡಿದವರು ಇದೆಲ್ಲ ಮೀನಿನ ನೀರಿನಲ್ಲಿತ್ತೇ ಎಂದು ಬೆರಗಾಗುತ್ತಾರೆ.

ಸಾಧನವನ್ನು ಕೊಂಡು ತರುವುದು ಸುಲಭ. ಆದರೆ ಅದಕ್ಕೆ ನೀರನ್ನು ಮುಟ್ಟಿಸುವುದು ಹೇಗೆ? ಇನ್ನೊಂದು ಪಂಪು ಇಟ್ಟು ದೂಡಿಸಬೇಕೇ, ಮೇಲಿನ ತೊಟ್ಟಿಯಿಂದ ತಾನಾಗಿ ಇಳಿಯುವಂತೆ ಮಾಡಬೇಕೇ? ಈ ಹವ್ಯಾಸ ಇರುವ ಮನೆಗಳಲ್ಲಿ ಇದು ದೊಡ್ಡ ಚರ್ಚೆ. ಎರಡನೆಯ ದಾರಿಯನ್ನೇ ಈ ವಾರ ನೋಡೋಣ. ಹೈಸ್ಕೂಲಿನಲ್ಲಿ ನೀವು ಓದುವ ದ್ರವಗಳ ಪಾಠವೆಲ್ಲ ಇದರೊಳಗಿದೆ. ತಪ್ಪಿದರೆ ಕಳೆದುಹೋಗುವುದು ಅಂಕವಲ್ಲ. ನಮ್ಮನ್ನೇ ನಂಬಿಕೊಂಡ ಕೆಲವು ಜೀವಗಳು.

ನೊರೆಗೆ ಕೊಳೆ ಏಕೆ ಅಂಟುತ್ತದೆ?

ಪ್ರೋಟೀನು, ಕೊಬ್ಬಿನ ಆಮ್ಲಗಳಂಥ ಅಣುಗಳಿಗೆ ಎರಡು ಬಗೆಯ ಸ್ವಭಾವವಿದೆ. ಅಣುವಿನ ಒಂದು ಭಾಗಕ್ಕೆ ನೀರು ಇಷ್ಟ, ಇನ್ನೊಂದು ಭಾಗಕ್ಕೆ ನೀರು ಆಗದು. ನೀರಿನ ನಡುವೆ ಅಲೆದಾಡುವ ಇಂಥ ಅಣುವಿಗೆ ನೆಮ್ಮದಿಯ ಜಾಗ ಯಾವುದು? ನೀರು ಮತ್ತು ಗಾಳಿ ಸೇರುವ ಗಡಿ. ನೀರು ಬೇಕೆನ್ನುವ ಭಾಗ ನೀರಿನಲ್ಲಿ, ಬೇಡವೆನ್ನುವ ಭಾಗ ಗಾಳಿಯ ಕಡೆಗೆ. ಆದ್ದರಿಂದಲೇ ನಿಂತ ನೀರಿನ ಮೇಲ್ಪದರದಲ್ಲಿ ಇಂಥ ವಸ್ತುಗಳು ಹೆಚ್ಚಾಗಿ ಕೂಡುತ್ತವೆ. ಅಕ್ವೇರಿಯಂ ನೀರಿನ ಮೇಲೆ ಕಾಣುವ ಎಣ್ಣೆಯಂಥ ತೆಳು ಪೊರೆ ಇದೇ.

ನೀರಿನ ಮೇಲ್ಪದರವನ್ನು ಮೊದಲು ಜಾಗರೂಕತೆಯಿಂದ ಅಳೆದವರಲ್ಲಿ ಒಬ್ಬಳು ಜರ್ಮನಿಯ ಆಗ್ನೆಸ್ ಪೊಕೆಲ್ಸ್. ಆ ಕಾಲದಲ್ಲಿ ಅಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ತೆರೆದಿರಲಿಲ್ಲ. ಮನೆಗೆಲಸ ನೋಡಿಕೊಳ್ಳುತ್ತಲೇ ಅವಳು ಒಂದು ತಗಡಿನ ತೊಟ್ಟಿ ಇಟ್ಟುಕೊಂಡು, ಜಿಡ್ಡು ಬಿದ್ದ ನೀರಿನ ಮೇಲ್ಮೈಯ ಎಳೆತ ಹೇಗೆ ಬದಲಾಗುತ್ತದೆ ಎಂದು ಅಳೆದಳು. ಫಲಿತಾಂಶಗಳನ್ನು ಬರೆದು ಇಂಗ್ಲೆಂಡಿನ ಪ್ರಸಿದ್ಧ ವಿಜ್ಞಾನಿ ಲಾರ್ಡ್ ರ‍್ಯಾಲೆಗೆ ಕಳುಹಿಸಿದಳು. ಆತ ಆ ಪತ್ರವನ್ನು 'ನೇಚರ್' ಪತ್ರಿಕೆಗೆ ದಾಟಿಸಿದ. ಅದು 1891ರಲ್ಲಿ ಅಚ್ಚಾಯಿತು. ಸ್ಕಿಮ್ಮರ್ ಕೆಲಸ ಮಾಡುವುದು ಇದೇ ಮೇಲ್ಮೈ ವಿಜ್ಞಾನದ ಆಧಾರದ ಮೇಲೆ. ಅಡುಗೆಮನೆಯಲ್ಲಿ ಪ್ರಯೋಗಶಾಲೆ ಇಲ್ಲವೆಂದು ಕೊರಗುವ ವಿದ್ಯಾರ್ಥಿಗಳು ಈ ಕಥೆಯನ್ನು ನೆನಪಿಡಬೇಕು.

ಮೇಲ್ಮೈ ಹೆಚ್ಚಿದಷ್ಟೂ ಕೊಳೆ ಹೆಚ್ಚು ಅಂಟುತ್ತದೆ. ತೊಟ್ಟಿಯ ಮೇಲ್ಮೈಯನ್ನು ನಾವು ಹಿಗ್ಗಿಸಲಾರೆವು. ಆದರೆ ನೀರಿನೊಳಕ್ಕೆ ಗುಳ್ಳೆ ಬಿಡಬಹುದು. ಒಂದು ಲೀಟರ್ ಗಾಳಿಯನ್ನು 5 ಮಿಲಿಮೀಟರ್ ವ್ಯಾಸದ ಗುಳ್ಳೆಗಳಾಗಿ ಒಡೆದರೆ ಅವುಗಳ ಒಟ್ಟು ಮೇಲ್ಮೈ 1.2 ಚದರ ಮೀಟರ್. ಅದೇ ಗಾಳಿಯನ್ನು 1 ಮಿ.ಮೀ. ಗುಳ್ಳೆಗಳಾಗಿ ಒಡೆದರೆ 6 ಚದರ ಮೀಟರ್, ಅಂದರೆ ಒಂದು ಪುಟ್ಟ ಕೋಣೆಯ ನೆಲದಷ್ಟು! ಗೋಳದ ಮೇಲ್ಮೈ ಮತ್ತು ಗಾತ್ರದ ಸೂತ್ರ ಬಲ್ಲವರು ಲೆಕ್ಕ ಹಾಕಿ ನೋಡಬಹುದು.

ಸಿಹಿನೀರಿನ ಅಕ್ವೇರಿಯಂಗೆ ಈ ಸಾಧನ ಏಕಿಲ್ಲ ಎಂದರೆ, ಸಿಹಿನೀರಿನಲ್ಲಿ ಸಣ್ಣ ಗುಳ್ಳೆಗಳು ಒಂದನ್ನೊಂದು ಮುಟ್ಟಿದ ಕೂಡಲೇ ಸೇರಿ ದೊಡ್ಡದಾಗುತ್ತವೆ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿದೆ. ಅಷ್ಟು ಉಪ್ಪಿರುವಾಗ ಗುಳ್ಳೆಗಳು ಸುಲಭವಾಗಿ ಒಂದಾಗುವುದಿಲ್ಲ, ಸಣ್ಣದಾಗಿಯೇ ಉಳಿಯುತ್ತವೆ.

ಇದರಿಂದ ಲಾಭವೇನು? ಮೀನಿನ ಮಲ, ತಿನ್ನದೆ ಉಳಿದ ಆಹಾರ ನೀರಿನಲ್ಲಿ ಕೊಳೆತರೆ ಅಮೋನಿಯ ಹುಟ್ಟುತ್ತದೆ. ಅದು ಮೀನಿಗೆ ವಿಷ. ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟಾಗಿ, ಬಳಿಕ ನೈಟ್ರೇಟಾಗಿ ಬದಲಿಸುತ್ತವೆ. ಸ್ಕಿಮ್ಮರ್ ಈ ಅಮೋನಿಯವನ್ನು ತೆಗೆಯುವುದಿಲ್ಲ. ಅಮೋನಿಯ ಆಗಬೇಕಾಗಿದ್ದ ಕಸವನ್ನು, ಅದು ಕೊಳೆಯುವ ಮೊದಲೇ ಹೊರಹಾಕುತ್ತದೆ. ಚರಂಡಿ ಶುಚಿ ಮಾಡುವುದಕ್ಕಿಂತ ಕಸ ಬೀಳದಂತೆ ನೋಡಿಕೊಳ್ಳುವುದು ಲೇಸು ಎಂಬ ನೀತಿ ಅದರದು.

ನಮ್ಮ ಮನೆಯ ಸಂಪಿನ ತಮ್ಮ

ಪಟ್ಟಣದ ಮನೆಗಳಲ್ಲಿ ನೆಲದಡಿ ಒಂದು ಸಂಪು, ತಾರಸಿಯ ಮೇಲೊಂದು ಟ್ಯಾಂಕು, ನಡುವೆ ಮೋಟಾರು ಇರುವುದು ಎಲ್ಲರಿಗೂ ಗೊತ್ತು. ಉಪ್ಪುನೀರಿನ ಅಕ್ವೇರಿಯಂನ ಏರ್ಪಾಡೂ ಅದೇ. ಮೇಲೆ ಮೀನಿರುವ ಗಾಜಿನ ತೊಟ್ಟಿ. ಕೆಳಗೆ, ಮೇಜಿನಡಿ, ಇನ್ನೊಂದು ಸಣ್ಣ ತೊಟ್ಟಿ. ಅದಕ್ಕೂ ಸಂಪು ಎಂದೇ ಹೆಸರು. ಮೇಲಿನ ನೀರು ತಾನಾಗಿ ಕೆಳಗಿಳಿಯುತ್ತದೆ. ಪಂಪು ಅದನ್ನು ಮತ್ತೆ ಮೇಲೇರಿಸುತ್ತದೆ. ವ್ಯತ್ಯಾಸ ಇಷ್ಟೇ: ಮನೆಯ ನೀರು ನಾವು ನಲ್ಲಿ ತಿರುಗಿಸಿದಾಗ ಮಾತ್ರ ಇಳಿಯುತ್ತದೆ, ಇಲ್ಲಿ ಹಗಲಿರುಳೂ ಸುತ್ತುತ್ತಿರುತ್ತದೆ. ಇಳಿಯುವ ನೀರಿನ ದಾರಿಯಲ್ಲೇ ಸ್ಕಿಮ್ಮರನ್ನು ಕೂರಿಸಿದರೆ ಅದಕ್ಕೆ ಬೇರೆ ಪಂಪು ಬೇಡ. ಭೂಮಿಯ ಸೆಳೆತವೇ ಪಂಪು.

ಇಳಿಯುವ ನೀರನ್ನು ತೊಟ್ಟಿಯ ಯಾವ ಭಾಗದಿಂದ ತೆಗೆಯಬೇಕು? ಇಲ್ಲಿ ನಮ್ಮ ಹಳ್ಳಿಗಳ ಕೆರೆ ಕಟ್ಟಿದವರು ಒಳ್ಳೆಯ ಮೇಷ್ಟ್ರು. ಕೆರೆಯಿಂದ ನೀರು ಹೊರಬರಲು ಎರಡು ದಾರಿ: ಒಂದು ತೂಬು, ಇನ್ನೊಂದು ಕೋಡಿ. ತೂಬು ತಳದಲ್ಲಿದೆ, ಅದನ್ನು ತೆರೆದಿಟ್ಟು ಮರೆತರೆ ಕೆರೆಯೇ ಬರಿದು. ಕೋಡಿ ಮೇಲಂಚಿನಲ್ಲಿದೆ, ಕೆರೆ ತುಂಬಿದ ಮೇಲೆ ಹೆಚ್ಚಾದ ನೀರಷ್ಟೇ ಹರಿಯುತ್ತದೆ. ಒಳಹರಿವು ನಿಂತ ಸ್ವಲ್ಪ ಹೊತ್ತಿಗೆ ಕೋಡಿಯೂ ನಿಲ್ಲುತ್ತದೆ. ಯಾರೂ ಬಂದು ಮುಚ್ಚಬೇಕಾಗಿಲ್ಲ.

ಅಕ್ವೇರಿಯಂಗೂ ಬೇಕಾದದ್ದು ಕೋಡಿ. ತೊಟ್ಟಿಯ ಒಂದು ಮೂಲೆಯಲ್ಲಿ ಗಾಜಿನ ಅಥವಾ ಅಕ್ರಿಲಿಕ್ ಹಾಳೆಯಿಂದ ಸಣ್ಣ ಪೆಟ್ಟಿಗೆಯಂತೆ ಗೋಡೆ ಕಟ್ಟುತ್ತಾರೆ. ಗೋಡೆಯ ಮೇಲಂಚನ್ನು ದಾಟಿದ ನೀರು ಪೆಟ್ಟಿಗೆಗೆ ಬೀಳುತ್ತದೆ. ಪೆಟ್ಟಿಗೆಯ ತಳದಿಂದ ಕೊಳವೆಗಳು ಕೆಳಗಿಳಿಯುತ್ತವೆ. ಮೀನು ದಾಟದಂತೆ ಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳಂಥ ತಡೆ ಇರುತ್ತದೆ. ಇದರಿಂದ ಎರಡು ಲಾಭ. ಅಂಚು ದಾಟುವುದು ಮೇಲ್ಪದರದ ನೀರು, ಅಂದರೆ ಕೊಳೆ ಹೆಚ್ಚಾಗಿರುವ ನೀರು; ಅದೇ ಸ್ಕಿಮ್ಮರಿಗೆ ಹೋಗುತ್ತದೆ. ಎರಡನೆಯದು, ಪಂಪು ನಿಂತರೆ ಹರಿವೂ ನಿಲ್ಲುತ್ತದೆ.

ಅಂಚಿನ ಉದ್ದ 20 ಸೆಂ.ಮೀ. ಇದ್ದು, ಗಂಟೆಗೆ 1,200 ಲೀಟರ್ ನೀರು ಸುತ್ತುತ್ತಿದ್ದರೆ, ಅಂಚಿನ ಮೇಲೆ ನೀರು ಸುಮಾರು 1 ಸೆಂ.ಮೀ. ಎತ್ತರ ನಿಲ್ಲುತ್ತದೆ. ಕಾಲುವೆಗಳ ಅಳತೆಗೆ ಎಂಜಿನಿಯರುಗಳು ಬಳಸುವ ಕೋಡಿಯ ಸೂತ್ರದಿಂದಲೇ ಈ ಲೆಕ್ಕ ಬರುತ್ತದೆ. ಅಂಚು ಉದ್ದವಾದಷ್ಟೂ ನೀರಿನ ಹಾಳೆ ತೆಳ್ಳಗಾಗುತ್ತದೆ. ಮೇಲ್ಪದರ ಇನ್ನೂ ಚೆನ್ನಾಗಿ ಸರಿಯುತ್ತದೆ.

ಎರಡು ಕೊಳವೆ, ಎರಡು ಎತ್ತರ

ಸ್ಕಿಮ್ಮರ್ ತುಸು ಹಠದ ಸಾಧನ. ಅದರೊಳಗಿನ ನೀರಿನ ಮಟ್ಟ ಒಂದೇ ಕಡೆ ನಿಲ್ಲಬೇಕು. ಮಟ್ಟ ಒಂದೆರಡು ಸೆಂ.ಮೀ. ಇಳಿದರೆ ನೊರೆ ಕತ್ತನ್ನು ದಾಟುವುದಿಲ್ಲ. ಏರಿದರೆ ನೊರೆಯ ಬದಲು ಒಳ್ಳೆಯ ನೀರೇ ಬಟ್ಟಲಿಗೆ ಹರಿಯುತ್ತದೆ. ಆದ್ದರಿಂದ ಒಳಹರಿವು ಸದಾ ಒಂದೇ ಸಮ ಇರಬೇಕು. ಪಂಪಿನ ಜಾಲರಿಯಲ್ಲಿ ಕಸ ಕಟ್ಟಿದರೆ ಅದರ ಹರಿವು ದಿನದಿಂದ ದಿನಕ್ಕೆ ಕುಗ್ಗುತ್ತದೆ. ಸ್ಕಿಮ್ಮರಿಗೆ ನೀರನ್ನು ಪಂಪಿನಿಂದ ನೇರವಾಗಿ ಕೊಟ್ಟರೆ ಆ ಏರುಪೇರೆಲ್ಲ ಅದಕ್ಕೆ ತಟ್ಟುತ್ತದೆ. ಎತ್ತರದಿಂದ ಇಳಿಯುವ ನೀರಿನಲ್ಲಿ ಇದನ್ನು ತಪ್ಪಿಸಬಹುದು.

ಉಪಾಯ ಹೀಗಿದೆ. ಕೋಡಿಯ ಪೆಟ್ಟಿಗೆಯೊಳಗೆ ಒಂದಲ್ಲ, ಎರಡು ಕೊಳವೆ ಇಡಬೇಕು. ಮೊದಲನೆಯದರ ಬಾಯಿ ತಗ್ಗಿನಲ್ಲಿರಲಿ. ಅದು ಸ್ಕಿಮ್ಮರಿಗೆ ಹೋಗುತ್ತದೆ, ದಾರಿಯಲ್ಲಿ ಒಂದು ವಾಲ್ವ್ ಇರುತ್ತದೆ. ಎರಡನೆಯದರ ಬಾಯಿ ಸುಮಾರು 10 ಸೆಂ.ಮೀ. ಮೇಲಿರಲಿ, ಅದು ವಾಲ್ವ್ ಇಲ್ಲದೆ ನೇರ ಸಂಪಿಗೆ ಇಳಿಯಲಿ. ಈಗ 1,200 ಲೀಟರ್ ಬರುತ್ತಿದೆ, ಸ್ಕಿಮ್ಮರಿಗೆ 600 ಸಾಕು ಎನ್ನಿ. ವಾಲ್ವನ್ನು ಅಷ್ಟಕ್ಕೆ ತಿರುಗಿಸಿದರೆ ಉಳಿದ ನೀರು ಪೆಟ್ಟಿಗೆಯಲ್ಲಿ ಏರುತ್ತದೆ, ಎರಡನೆಯ ಬಾಯಿಯನ್ನು ತಲುಪಿ ಅಲ್ಲಿಂದ ಇಳಿಯುತ್ತದೆ. ಅಲ್ಲಿಗೆ ಪೆಟ್ಟಿಗೆಯ ಮಟ್ಟ ಎರಡನೆಯ ಬಾಯಿಯ ಎತ್ತರದಲ್ಲಿ ಗೂಟ ಹೊಡೆದಂತೆ ನಿಂತಿತು! ನಾಳೆ ಪಂಪು ಸೋತು 1,000 ಲೀಟರನ್ನೇ ಕೊಟ್ಟರೂ ಸ್ಕಿಮ್ಮರಿಗೆ 600 ತಪ್ಪದು. ಎರಡನೆಯ ಕೊಳವೆಯ ಪಾಲು 400ಕ್ಕೆ ಇಳಿಯುತ್ತದೆ, ಅಷ್ಟೇ. ಮೊದಲ ಕೊಳವೆಗೆ ಪಾಚಿಯೋ ಬಸವನಹುಳುವೋ ಅಡ್ಡವಾದರೆ ನೀರೆಲ್ಲ ಎರಡನೆಯದರಲ್ಲಿ ಹೋಗುತ್ತದೆ. ಆದ್ದರಿಂದ ಎರಡನೆಯದು ಒಂದೇ ಇಡೀ ಹರಿವನ್ನು ಹೊರುವಷ್ಟು ದಪ್ಪವಿರಬೇಕು.

ಹರಿವು ಎಷ್ಟೆಂದು ಅಂದಾಜು ಮಾಡಲು ಇಟಲಿಯ ಟೊರಿಚೆಲ್ಲಿ 1644ರಲ್ಲಿ ಪ್ರಕಟಿಸಿದ ನಿಯಮವಿದೆ. ನೀರಿನ ಮಟ್ಟಕ್ಕಿಂತ ಎಷ್ಟು ಕೆಳಗೆ ರಂಧ್ರವಿದೆಯೋ ಅಷ್ಟು ಎತ್ತರದಿಂದ ಬಿದ್ದ ವಸ್ತುವಿನ ವೇಗದಲ್ಲೇ ನೀರು ಹೊರಬರುತ್ತದೆ. ಪೆಟ್ಟಿಗೆಯ ಮಟ್ಟಕ್ಕೂ ಸ್ಕಿಮ್ಮರಿನ ಮಟ್ಟಕ್ಕೂ 50 ಸೆಂ.ಮೀ. ಅಂತರವಿದ್ದರೆ ವೇಗ ಸೆಕೆಂಡಿಗೆ ಸುಮಾರು 3.1 ಮೀಟರ್. ಒಳವ್ಯಾಸ 20 ಮಿ.ಮೀ. ಇರುವ ಕೊಳವೆಯಲ್ಲಿ ಇದು ಹೆಚ್ಚುಕಡಿಮೆ ಸೆಕೆಂಡಿಗೆ ಒಂದು ಲೀಟರ್, ಗಂಟೆಗೆ 3,500 ಲೀಟರ್. ಇದು ಪುಸ್ತಕದ ಲೆಕ್ಕ. ಕೊಳವೆಯ ಘರ್ಷಣೆ, ಒಂದೊಂದು ತಿರುವು ತಮ್ಮ ಸುಂಕ ವಸೂಲಿ ಮಾಡುವುದರಿಂದ ನಿಜದಲ್ಲಿ ಸಾಕಷ್ಟು ಕಡಿಮೆ ಬರುತ್ತದೆ. ಆದರೂ 600ಕ್ಕೆ ಧಾರಾಳ. ಇನ್ನೊಂದು ಸ್ವಾರಸ್ಯ ನೋಡಿ: ವೇಗವು ಎತ್ತರದ ವರ್ಗಮೂಲವನ್ನು ಅನುಸರಿಸುತ್ತದೆ. ಪೆಟ್ಟಿಗೆಯ ಮಟ್ಟ 50ರಲ್ಲಿ 1 ಸೆಂ.ಮೀ. ಅಲುಗಿದರೂ ಹರಿವು ಬದಲಾಗುವುದು ನೂರಕ್ಕೆ ಒಂದರಷ್ಟು ಮಾತ್ರ.

ಹೊರಹೋಗುವ ಕೊಳವೆಯ ಗುಟ್ಟು

ಗುಳ್ಳೆಗಳು ತಳದಿಂದ ಏರುತ್ತವೆ. ನೀರನ್ನು ಮೇಲಿನಿಂದ ಒಳಬಿಟ್ಟು ತಳದಿಂದ ಹೊರತೆಗೆಯಬೇಕು. ಎದುರುಬದುರಾಗಿ ಸಾಗುವಾಗ ಎರಡಕ್ಕೂ ಹೆಚ್ಚು ಹೊತ್ತು ಭೇಟಿಯಾಗಲು ಅವಕಾಶ ಸಿಗುತ್ತದೆ. ತಳದಿಂದ ಹೊರಟ ಕೊಳವೆಯನ್ನು ಹಾಗೆಯೇ ಸಂಪಿಗೆ ಬಿಟ್ಟರೆ ಸ್ಕಿಮ್ಮರ್ ಖಾಲಿಯಾದೀತು. ಆದ್ದರಿಂದ ಅದನ್ನು ಮೇಲಕ್ಕೆ ಏರಿಸಿ, ಬೇಕಾದ ಎತ್ತರದಲ್ಲಿ ತಿರುಗಿಸಿ, ನಂತರ ಸಂಪಿಗೆ ಇಳಿಸುತ್ತಾರೆ. ಇದು ನಿಮ್ಮ ಪಾಠದ ಯು-ಆಕಾರದ ನಳಿಗೆಯೇ. ಕೊಳವೆ ಎಷ್ಟು ಎತ್ತರದಲ್ಲಿ ತಿರುಗುತ್ತದೆ ಎಂಬುದೇ ಒಳಗಿನ ಮಟ್ಟವನ್ನು ನಿರ್ಧರಿಸುತ್ತದೆ.

ಆದರೆ ಎರಡು ಕಡೆಯ ಮಟ್ಟ ಒಂದೇ ಇರುವುದಿಲ್ಲ. ಸ್ಕಿಮ್ಮರಿನೊಳಗೆ ಇರುವುದು ನೀರು ಮತ್ತು ಗಾಳಿಯ ಮಿಶ್ರಣ, ಅದು ಹಗುರ. ಹತ್ತರಲ್ಲಿ ಒಂದು ಪಾಲು ಗಾಳಿಯಿದ್ದರೆ, ಒಳಗಿನ 50 ಸೆಂ.ಮೀ. ಮಿಶ್ರಣವನ್ನು ಹೊರಗಿನ 45 ಸೆಂ.ಮೀ. ನೀರು ತೂಗುತ್ತದೆ. ಹಾಗಾಗಿ ಕೊಳವೆಯನ್ನು 45ರಲ್ಲಿ ತಿರುಗಿಸಿದರೆ ಒಳಗಿನ ಮಟ್ಟ 50ಕ್ಕೆ ಬರುತ್ತದೆ. ಕರೆಂಟ್ ಹೋಗಿ ಗುಳ್ಳೆ ನಿಂತರೆ ಒಳಗಿನ ಮಟ್ಟ ತಟ್ಟನೆ 5 ಸೆಂ.ಮೀ. ಕುಸಿಯುತ್ತದೆ. ನೀರು ಸೋರಿತೇ ಎಂದು ಗಾಬರಿ ಬೇಡ. ಹೋದದ್ದು ಗಾಳಿ, ನೀರಲ್ಲ.

ಇಲ್ಲಿ ಮೂರು ಎಚ್ಚರಿಕೆಗಳಿವೆ. ಹೊರಹೋಗುವ ಕೊಳವೆ ಒಳಬರುವುದಕ್ಕಿಂತ ಒಂದು ಅಳತೆ ದಪ್ಪವಿರಲಿ. ಅದಕ್ಕೆ ವಾಲ್ವ್ ಹಾಕದೆ, ಒಂದರೊಳಗೊಂದು ಜಾರುವ ಕೊಳವೆಯಿಂದ ಎತ್ತರವನ್ನು ಹೊಂದಿಸಿಕೊಳ್ಳಿ. ಹೊರದಾರಿ ಅರೆ ಮುಚ್ಚಿದರೆ ನೀರು ಬಟ್ಟಲಿನಿಂದ ಉಕ್ಕಿ ಕೋಣೆಯ ನೆಲಕ್ಕೆ ಬೀಳುತ್ತದೆ. ತಿರುಗುವ ಜಾಗದ ನೆತ್ತಿ ಗಾಳಿಗೆ ತೆರೆದಿರಲಿ. ಮುಚ್ಚಿದ್ದರೆ ಕೊಳವೆ ಸೈಫನ್ ಆಗಿ ಸ್ಕಿಮ್ಮರಿನ ನೀರನ್ನೆಲ್ಲ ಎಳೆದುಬಿಡುತ್ತದೆ.

ಸಾಮಾನು ಕೊಳ್ಳುವಾಗ ಒಂದು ಮಾತು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಪಿವಿಸಿ ಕೊಳವೆ, ಎಲ್ಬೋ, ಟ್ಯಾಂಕ್ ನಿಪ್ಪಲ್, ಪ್ಲಾಸ್ಟಿಕ್ ಬಾಲ್ ವಾಲ್ವ್ ಈ ಕೆಲಸಕ್ಕೆ ಸಾಕು. ಹಿತ್ತಾಳೆ, ತಾಮ್ರ, ಜಿ.ಐ. ಯಾವುದೂ ಈ ನೀರನ್ನು ಮುಟ್ಟಬಾರದು. ಉಪ್ಪುನೀರು ಲೋಹವನ್ನು ತಿನ್ನುತ್ತದೆ. ಕರಗಿದ ತಾಮ್ರ ಅತ್ಯಲ್ಪ ಪ್ರಮಾಣದಲ್ಲಿದ್ದರೂ ಸಿಗಡಿ, ಕಡಲ ಹೂವಿನಂಥ ಬೆನ್ನುಮೂಳೆಯಿಲ್ಲದ ಜೀವಿಗಳಿಗೆ ಮಾರಕ. ಹಿತ್ತಾಳೆಯಲ್ಲೂ ತಾಮ್ರವೇ ಹೆಚ್ಚು ಎಂಬುದನ್ನು ಮರೆಯಬೇಡಿ. ಗಟ್ಟಿಗೊಳಿಸಿದ ಟೆಂಪರ್ಡ್ ಗಾಜಿಗೆ ತೂತು ಕೊರೆಯಲು ಹೋದರೆ ಅದು ಪುಡಿಪುಡಿಯಾಗುತ್ತದೆ. ಮೊದಲು ವಿಚಾರಿಸಿ. ಜೋಡಿಸಿದ ಮೇಲೆ ಅಂಟು ಪೂರ್ತಿ ಒಣಗಲು ಒಂದು ದಿನ ಬಿಟ್ಟು, ನಲ್ಲಿಯ ನೀರು ತುಂಬಿ ಸೋರಿಕೆ ಪರೀಕ್ಷಿಸಿ. ಉಪ್ಪು, ಮೀನು ಎಲ್ಲ ಆಮೇಲೆ.

ಕರೆಂಟ್ ಹೋದ ಆ ನಿಮಿಷ

ಯಾವ ಯಂತ್ರವೇ ಆಗಲಿ, ನಡೆಯುತ್ತಿರುವಾಗ ಚೆನ್ನಾಗಿಯೇ ಕಾಣುತ್ತದೆ. ನಿಂತಾಗ ಏನಾಗುತ್ತದೆ ಎಂದು ಕೇಳುವುದೇ ಎಂಜಿನಿಯರಿಂಗ್. ನಮ್ಮ ಊರುಗಳಲ್ಲಿ ಈ ಪ್ರಶ್ನೆಗೆ ಉತ್ತರಿಸುವ ಅವಕಾಶ ಪದೇಪದೇ ಬರುತ್ತದೆ!

ತೊಟ್ಟಿ 90 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ ಇದೆ ಎನ್ನಿ. ನೀರಿನ ಹರವು 4,050 ಚದರ ಸೆಂ.ಮೀ. ಪಂಪು ನಿಂತಾಗ ಕೋಡಿಯ ಅಂಚಿನ ಮೇಲಿದ್ದ 1 ಸೆಂ.ಮೀ. ನೀರು ಇಳಿಯುತ್ತದೆ. ಅದು ಸುಮಾರು 4 ಲೀಟರ್. ಪೆಟ್ಟಿಗೆ, ಕೊಳವೆಗಳಲ್ಲಿದ್ದದ್ದು ಇನ್ನೊಂದು 3 ಲೀಟರ್. ಒಟ್ಟು 7 ಲೀಟರ್ ಸಂಪಿಗೆ ಬರುತ್ತದೆ. ಸಂಪು 60 ಸೆಂ.ಮೀ. ಉದ್ದ, 35 ಅಗಲ, 35 ಎತ್ತರ. ಅದರಲ್ಲಿ 20 ಸೆಂ.ಮೀ. ನೀರಿದೆ. ಖಾಲಿ ಜಾಗ 31.5 ಲೀಟರ್. ಏಳು ಲೀಟರಿಗೆ ಮಟ್ಟ 3 ಸೆಂ.ಮೀ.ಗಿಂತ ತುಸು ಹೆಚ್ಚು ಏರುತ್ತದೆ. ಯೋಚನೆಯಿಲ್ಲ.

ಆದರೆ ಪಂಪಿನಿಂದ ಮೇಲಕ್ಕೆ ಹೋಗುವ ಕೊಳವೆಯನ್ನು ಮರೆತೆವಲ್ಲ! ಅದರ ಬಾಯಿ ಮೇಲಿನ ತೊಟ್ಟಿಯಲ್ಲಿ ನೀರಿನೊಳಗೆ 8 ಸೆಂ.ಮೀ. ಮುಳುಗಿದೆ ಎನ್ನಿ. ಪಂಪು ನಿಂತ ಕ್ಷಣ ಅದೇ ಕೊಳವೆ ಸೈಫನ್ ಆಗಿ ಹಿಂದಕ್ಕೆ ಹರಿಯುತ್ತದೆ, ಬಾಯಿ ಗಾಳಿಗೆ ತೆರೆಯುವವರೆಗೆ. 8 ಸೆಂ.ಮೀ. ನೀರು ಎಂದರೆ 32.4 ಲೀಟರ್. ಜಾಗ ಇರುವುದು 31.5. ಪೆಟ್ಟಿಗೆಯ ನೀರೂ ಸೇರಿ ಉಳಿದದ್ದು ನೆಲಕ್ಕೆ. ಅಲ್ಲಿ ವಿದ್ಯುತ್ ಪ್ಲಗ್ಗು ಇದ್ದರಂತೂ ಕೇಳುವುದೇ ಬೇಡ. ಕೋಡಿ ಕಟ್ಟಿ ಮುಂದಿನ ಬಾಗಿಲನ್ನು ಭದ್ರ ಮಾಡಿದೆವು. ಹಿಂದಿನ ಬಾಗಿಲಲ್ಲಿ ತೂಬು ತೆರೆದೇ ಉಳಿಯಿತು.

ಪರಿಹಾರ ಒಂದು ಸಣ್ಣ ತೂತು. ಮೇಲೇರುವ ಕೊಳವೆಗೆ, ನೀರಿನ ಮೇಲ್ಮೈಯ ಸಮದಲ್ಲಿ, 5 ಮಿ.ಮೀ.ನ ಒಂದು ರಂಧ್ರ ಕೊರೆಯಿರಿ. ನೀರು ಸ್ವಲ್ಪ ಇಳಿದ ಕೂಡಲೇ ಅದರಿಂದ ಗಾಳಿ ನುಗ್ಗಿ ಸೈಫನ್ ಮುರಿಯುತ್ತದೆ. ಉಪ್ಪು, ಪಾಚಿ ಕಟ್ಟಿ ರಂಧ್ರ ಮುಚ್ಚದಂತೆ ಆಗಾಗ ಕಡ್ಡಿಯಿಂದ ಬಿಡಿಸುತ್ತಿರಬೇಕು. ಒಮ್ಮುಖ ವಾಲ್ವ್ ಹಾಕಬಾರದೇ ಎಂದು ಕೇಳಬಹುದು. ಹಾಕಬಹುದು, ಆದರೆ ಅದನ್ನೇ ನಂಬಬಾರದು. ಅದರ ಮುಚ್ಚಳಕ್ಕೆ ಒಂದು ಮರಳಿನ ಕಣ ಸಿಕ್ಕಿಕೊಂಡರೂ ಸಾಕು, ನೀರು ಸೋರುತ್ತದೆ. ತೂತಿಗೆ ಚಲಿಸುವ ಭಾಗಗಳಿಲ್ಲ. ಕೆಡಲು ಅದರಲ್ಲಿ ಏನೂ ಇಲ್ಲ.

ಎರಡನೆಯ ಪ್ರಶ್ನೆ: ಕರೆಂಟ್ ಇದ್ದು, ಇಳಿಯುವ ದಾರಿಗಳೆಲ್ಲ ಕಟ್ಟಿಕೊಂಡರೆ? ಪಂಪು ಸಂಪಿನ ನೀರನ್ನು ಮೇಲೆ ಸುರಿಯುತ್ತಲೇ ಇರುತ್ತದೆ. ಸಂಪನ್ನು ಗೋಡೆಯಿಂದ ಭಾಗ ಮಾಡಿ, ಪಂಪಿನ ಕೋಣೆಯಲ್ಲಿ 14 ಲೀಟರ್ ಮಾತ್ರ ಇರುವಂತೆ ಮಾಡಿ. ಮೇಲಿನ ತೊಟ್ಟಿಯಲ್ಲಿ 4 ಸೆಂ.ಮೀ. ಖಾಲಿ ಬಿಟ್ಟರೆ ಅಲ್ಲಿ 16 ಲೀಟರಿಗೆ ಜಾಗವಿದೆ. ಪಂಪು ಬರಿದಾದೀತು, ನೆಲ ಒಣಗಿರುತ್ತದೆ. ಪಂಪು ಸುಟ್ಟರೆ ಹೊಸದು ತರಬಹುದು.

ನೀರು ಆವಿಯಾದಾಗ ಮೇಲಿನ ಮಟ್ಟ ಬದಲಾಗುವುದಿಲ್ಲ; ಕಡಿಮೆಯಾಗುವುದು ಪಂಪಿನ ಕೋಣೆಯಲ್ಲಿ. ಅಲ್ಲಿಗೆ ಉಪ್ಪು ಬೆರೆಸದ ಶುದ್ಧ ನೀರನ್ನೇ ತುಂಬಬೇಕು. ಆವಿಯಾಗಿ ಹೋದದ್ದು ನೀರು ಮಾತ್ರ, ಉಪ್ಪು ಅಲ್ಲೇ ಉಳಿದಿದೆ.

ಗಾಳಿಯ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಬೇಕು. ಕೆಳಗಿಟ್ಟರೆ ಅದು ನಿಂತಾಗ ಗಾಳಿಯ ಕೊಳವೆಯಲ್ಲೇ ನೀರು ಇಳಿದು ಪಂಪಿಗೆ ಸೇರಬಹುದು.

ಪೋಷಕರಿಗೆ ಎರಡು ಮಾತು

ಕರೆಂಟ್ ಹೋದಾಗ ನೆಲ ಒಣಗಿದ್ದರೆ ಸಾಲದು, ಮೀನೂ ಬದುಕಿರಬೇಕು. ನಮ್ಮಲ್ಲಿ ಸಾಮಾನ್ಯವಾದ 28 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಲೀಟರ್ ಸಿಹಿನೀರು ಸುಮಾರು 7.8 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, ಕಡಲ ನೀರು ಹಿಡಿಯುವುದು ಸುಮಾರು 6.5 ಮಿ.ಗ್ರಾಂ. ಸ್ಕಿಮ್ಮರಿನ ಗುಳ್ಳೆಗಳು ಕೊಳೆ ತೆಗೆಯುವುದರ ಜೊತೆಗೆ ಆಮ್ಲಜನಕವನ್ನೂ ಬೆರೆಸುತ್ತಿರುತ್ತವೆ. ಅದು ನಿಂತರೆ ಎರಡೂ ನಿಲ್ಲುತ್ತವೆ. ಆದ್ದರಿಂದ ಬ್ಯಾಟರಿಯ ಒಂದು ಸಣ್ಣ ಗಾಳಿ ಪಂಪು ಮನೆಯಲ್ಲಿರಲಿ. ತೊಟ್ಟಿಯಲ್ಲಿ ಮೀನಿನ ಸಂಖ್ಯೆ ಕಡಿಮೆಯಿರಲಿ.

ಮಗ ಅಥವಾ ಮಗಳು ಹಟ ಹಿಡಿದಳೆಂದು ಮೊದಲ ದಿನವೇ ಮೀನು ತರಬೇಡಿ. ಕೊಳವೆಗಳನ್ನು ಅವರ ಕೈಯಿಂದಲೇ ಜೋಡಿಸಿ, ಲೆಕ್ಕವನ್ನು ಅವರಿಂದಲೇ ಮಾಡಿಸಿ. ಮೀನಿಲ್ಲದ ತೊಟ್ಟಿಯಲ್ಲಿ ಹಗಲು ಹತ್ತು ಸಲ ಪಂಪಿನ ಸ್ವಿಚ್ ಆರಿಸಿ ನೋಡಲಿ. ಅಷ್ಟು ತಾಳ್ಮೆ ಇರುವ ಮಕ್ಕಳು ಮೀನನ್ನೂ ಸಾಕಬಲ್ಲರು. ವಿದ್ಯುತ್ ಜೋಡಣೆಯನ್ನು ಮಾತ್ರ ತಿಳಿದ ದೊಡ್ಡವರು ಮಾಡಬೇಕು. ತಂತಿಯನ್ನು ಪ್ಲಗ್ಗಿನ ಕೆಳಗೆ ಒಮ್ಮೆ ಜೋತುಬಿಟ್ಟು ಮತ್ತೆ ಮೇಲೇರಿಸಿದರೆ, ತಂತಿಯ ಗುಂಟ ಬಂದ ಹನಿ ಆ ತಗ್ಗಿನಲ್ಲೇ ತೊಟ್ಟಿಕ್ಕಿ ಪ್ಲಗ್ಗನ್ನು ತಲುಪುವುದಿಲ್ಲ.

ಯಾವ ಜೀವಿ ತರುತ್ತೀರಿ ಎಂಬುದೂ ಮುಖ್ಯ. ಹವಳ, ಕಡಲಕುದುರೆಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಅನುಸೂಚಿಗೆ ಸೇರಿಸಲಾಯಿತು. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಯಾರೋ ಗುಟ್ಟಾಗಿ ಮಾರಿದರೆಂದು ಕೊಳ್ಳಬಾರದು. ಕ್ಲೌನ್ ಮೀನಿನಂಥ ಕೆಲವನ್ನು ತೊಟ್ಟಿಯಲ್ಲೇ ಮರಿ ಮಾಡಿಸಿ ಬೆಳೆಸುವ ವಿಧಾನವನ್ನು ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ರೂಪಿಸಿದೆ. ಅಂಥ ಮೀನನ್ನೇ ಕೇಳಿ ಪಡೆಯಿರಿ.

ಮಾಡಿ ನೋಡಿ

ಅಕ್ವೇರಿಯಂ ಇಲ್ಲದಿದ್ದರೂ ಈ ಪಾಠ ಮಾಡಬಹುದು. ಎರಡು ಗಾಜಿನ ಜಾಡಿಗಳಲ್ಲಿ ಒಂದೊಂದು ಲೀಟರ್ ನೀರು ತುಂಬಿ, ಒಂದಕ್ಕೆ 35 ಗ್ರಾಂ ಉಪ್ಪು ಕರಗಿಸಿ. ಸಣ್ಣ ಗಾಳಿ ಪಂಪಿನ ಕಲ್ಲನ್ನು ಒಂದಾದ ಮೇಲೆ ಒಂದರಲ್ಲಿ ಇಳಿಸಿ, ಗುಳ್ಳೆಗಳ ಗಾತ್ರ ಹೋಲಿಸಿ. ಇನ್ನೊಂದು ಪ್ರಯೋಗಕ್ಕೆ ಖರ್ಚೇ ಇಲ್ಲ: ಎರಡು ಹಳೆಯ ಪ್ಲಾಸ್ಟಿಕ್ ಬಾಟಲಿಗಳಲ್ಲಿ ಒಂದಕ್ಕೆ ತಳದ ಬಳಿ, ಇನ್ನೊಂದಕ್ಕೆ ಕತ್ತಿನ ಬಳಿ ತೂತು ಮಾಡಿ. ಮುಚ್ಚಳ ತೆಗೆದು, ಎರಡಕ್ಕೂ ನೀರು ಸುರಿಯುತ್ತಾ ಹೋಗಿ, ತಟ್ಟನೆ ನಿಲ್ಲಿಸಿ. ತೂಬಿಗೂ ಕೋಡಿಗೂ ಇರುವ ವ್ಯತ್ಯಾಸ ಕಣ್ಣೆದುರಿಗೇ ಬರುತ್ತದೆ.

ಕೊನೆಗೊಂದು ಲೆಕ್ಕ. ತೊಟ್ಟಿ 120 ಸೆಂ.ಮೀ. ಉದ್ದ, 50 ಸೆಂ.ಮೀ. ಅಗಲ. ಸಂಪು 80 ಉದ್ದ, 40 ಅಗಲ, 40 ಎತ್ತರ. ಅದರಲ್ಲಿ 25 ಸೆಂ.ಮೀ. ನೀರಿದೆ. ಗಾಳಿಯ ತೂತು ಇಲ್ಲದ ಕೊಳವೆಯ ಬಾಯನ್ನು ಮೇಲಿನ ನೀರಿನಲ್ಲಿ ಹೆಚ್ಚೆಂದರೆ ಎಷ್ಟು ಆಳ ಮುಳುಗಿಸಬಹುದು? ಪೆಟ್ಟಿಗೆ, ಕೊಳವೆಗಳ ನೀರನ್ನು ಬಿಟ್ಟುಬಿಡಿ. ಉತ್ತರ 8 ಸೆಂ.ಮೀ. ಎಂದು ಬಂದರೆ ನಿಮ್ಮ ಗಣಿತಕ್ಕೆ ಪೂರ್ಣ ಅಂಕ. ಆದರೆ ಸರಿಯಾಗಿ 8 ಸೆಂ.ಮೀ. ಮುಳುಗಿಸಿ ಮಲಗುವವರಿಗೆ ವಿಜ್ಞಾನದಲ್ಲಿ ಅಂಕವಿಲ್ಲ. ಅವರು ತೂತು ಕೊರೆದು, 2 ಸೆಂ.ಮೀ.ಗೆ ಇಳಿಸಿ, ಆಮೇಲೆ ನಿದ್ದೆ ಮಾಡಲಿ.